ಕತೆಯಲ್ಲಿ ಕಾಯಿ ಕಚ್ಚದ ಹಣ್ಣಿನ ಗಿಡ: ದೋಷ ಹುಡುಕುವ ಬಗೆ

ಕಲ್ಪಿತ ನಾಡೊಂದನ್ನು ಕಟ್ಟಲು ಕೂತವರು ಬೇಗನೆ ಒಂದು ಹಣ್ಣನ್ನೂ ಹುಟ್ಟಿಸುತ್ತಾರೆ. ಕತೆ ಬರೆಯುವವರು, ವಿಡಿಯೋ ಗೇಮ್ ಮಾಡುವವರು, ಮಕ್ಕಳಿಗೆ ಚಿತ್ರಕತೆ ಬರೆಯುವವರು, ಎಲ್ಲರೂ. ಹುಟ್ಟಿಸುವುದೇನೂ ಕಷ್ಟವಲ್ಲ. ಒಂದು ಬಣ್ಣ, ಒಂದು ರುಚಿ, ಒಂದು ವಿಚಿತ್ರ ಹೆಸರು ಕೊಟ್ಟರೆ ಆಯಿತು. ಆಮೇಲೆ ನೋಡಿದರೆ ಹಣ್ಣು ಪುಟದ ಮೇಲೆ ಸುಮ್ನೆ ಬಿದ್ದಿರುತ್ತದೆ. ಓದಿದವರು "ಚೆನ್ನಾಗಿದೆ" ಅನ್ನುತ್ತಾರೆ, ಮಾರನೇ ದಿನ ಮರೆಯುತ್ತಾರೆ. ಏನೋ ಕೆಟ್ಟಿದೆ ಅಂತ ಬರೆದವರಿಗೂ ಗೊತ್ತು. ಎಲ್ಲಿ ಕೆಟ್ಟಿದೆ ಅನ್ನುವುದೇ ಪ್ರಶ್ನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದೋಷ ಹಣ್ಣಿನಲ್ಲಿ ಇರುವುದು ಕಡಿಮೆ. ಹಣ್ಣು ಇಲ್ಲದ ತಿಂಗಳುಗಳಲ್ಲಿ ಇರುವುದೇ ಜಾಸ್ತಿ. ಆ ತಿಂಗಳುಗಳಲ್ಲಿ ಯಾರು ಏನು ಮಾಡುತ್ತಿದ್ದರು ಅಂತ ಬರೆದವರು ಯೋಚಿಸಿರುವುದಿಲ್ಲ. ಹಾಗಾಗಿ ಬಣ್ಣ ಬದಲಿಸಿದರೂ ಪರಿಮಳ ಸೇರಿಸಿದರೂ ರೋಗ ಬಿಡುವುದಿಲ್ಲ.

ಕೈಗೆ ಒಂದು ಮಾದರಿ ಇರಲಿ. ಹೀಗೊಂದು ಕರಡು ಇದೆ ಅಂತ ಇಟ್ಟುಕೊಳ್ಳಿ:

"ಎತ್ತರದ ಬಯಲಿನಲ್ಲಿ ಸಾಲು ಸಾಲು ಕೆರೆಗಳು. ಅಲ್ಲಿ ವಾಸಿಸುವ ಜನ ತೂಬಿನವರು. ಕೆರೆ ಏರಿಯ ಮೇಲೆ ಇರುಂಜಿ ಮರಗಳು. ಇರುಂಜಿ ಹಣ್ಣು ನೀಲಿ. ರಾತ್ರಿ ಹೊಳೆಯುತ್ತದೆ. ತಿಂದರೆ ಗಾಯ ಮಾಯುತ್ತದೆ. ತೂಬಿನವರು ಅದನ್ನು ದೇವರೆಂದು ಪೂಜಿಸುತ್ತಾರೆ. ವರ್ಷಕ್ಕೊಮ್ಮೆ ಇರುಂಜಿ ಹಬ್ಬ."

ತೂಬಿನವರು ಎಲ್ಲೂ ಇಲ್ಲ, ಇರುಂಜಿಯೂ ಇಲ್ಲ. ಈ ಬರಹಕ್ಕೆಂದೇ ಕಟ್ಟಿದ್ದು. ಆದರೆ ಇಂಥ ಕರಡನ್ನು ನೀವೂ ನೋಡಿರುತ್ತೀರಿ. ಕೆರೆ, ಏರಿ, ತೂಬು ಅಂತ ಒಳ್ಳೆಯ ಸಾಮಾನು ಕೈಯಲ್ಲೇ ಇದೆ. ಹಣ್ಣು ಮಾತ್ರ ಅದಕ್ಕೆ ಅಂಟಿಕೊಂಡಿಲ್ಲ.

ದೋಷ ಇದೆಯೋ ಇಲ್ಲವೋ

ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಇರುಂಜಿ ಅಂತ ಇರುವಲ್ಲೆಲ್ಲ "ಯಾವುದೋ ಒಂದು ಹಣ್ಣು" ಅಂತ ಹಾಕಿ ಓದಿ. ಕತೆ ಅಲ್ಲಾಡದಿದ್ದರೆ ದೋಷ ಇದೆ. ಇಲ್ಲಿ ಮಾವು ಅಂತ ಹಾಕಬೇಡಿ. ಮಾವು ಅಂದ ಕೂಡಲೇ ನಮ್ಮ ಓದುಗರಿಗೆ ಬೇಸಿಗೆ ರಜೆ, ಅಜ್ಜಿ ಮನೆ, ಉಪ್ಪಿನಕಾಯಿ ಭರಣಿ ಎಲ್ಲ ಬಂದು ಸೇರುತ್ತವೆ. ಸತ್ತ ಕರಡೂ ಬದುಕಿದಂತೆ ಕಾಣುತ್ತದೆ. ಪರೀಕ್ಷೆ ಕೆಡುತ್ತದೆ.

ಎರಡನೆಯದನ್ನು ನಾನು ಹೆಚ್ಚು ನಂಬುತ್ತೇನೆ. ಕರಡಿಗೆ ಒಂದೇ ಸಾಲು ಸೇರಿಸಿ: "ಈ ವರ್ಷ ಇರುಂಜಿ ಬಿಡಲಿಲ್ಲ." ಈಗ ಕೇಳಿ. ಯಾರ ಸಾಲ ತೀರುವುದಿಲ್ಲ? ಯಾರ ಮದುವೆ ಮುಂದಕ್ಕೆ ಹೋಗುತ್ತದೆ? ಯಾರಿಗೆ ಒಳಗೊಳಗೇ ಖುಷಿ ಆಗುತ್ತದೆ? "ಹಬ್ಬ ನಡೆಯಲಿಲ್ಲ, ಎಲ್ಲರಿಗೂ ಬೇಜಾರಾಯಿತು" ಅನ್ನುವಷ್ಟೇ ಉತ್ತರ ಬಂದರೆ ಮುಂದೆ ಓದಿ.

ದೋಷ ಒಂದು: ಹಣ್ಣಿಗೆ ತಿಂಗಳಿಲ್ಲ

ಹೆಚ್ಚಿನ ಕರಡುಗಳು ಕೆಡುವುದು ಇಲ್ಲೇ. ನಾಯಕಿಗೆ ಬೇಕಾದಾಗ ಹಣ್ಣು ಸಿಗುತ್ತದೆ. ಮಳೆಯಲ್ಲೂ ಇದೆ, ಚಳಿಯಲ್ಲೂ ಇದೆ. ಹಬ್ಬದ ದಿನ ಸರಿಯಾಗಿ ಹಣ್ಣಾಗುತ್ತದೆ. ಮರಗಳು ಅಷ್ಟು ವಿಧೇಯವಾಗಿರುವುದಿಲ್ಲ, ಅಲ್ವಾ?

ಯುಗಾದಿಯನ್ನೇ ನೋಡಿ. ಬಾಗಿಲಿಗೆ ಮಾವಿನ ತೋರಣ ಇರುತ್ತದೆ. ಅಡುಗೆಮನೆಯಲ್ಲಿ ಮಾವಿನಕಾಯಿ ಚಿತ್ರಾನ್ನ ಇರುತ್ತದೆ. ಹಣ್ಣು ಇನ್ನೂ ಬಂದಿರುವುದಿಲ್ಲ. ಹಬ್ಬ ಹಣ್ಣಿಗಾಗಿ ಕಾಯಲಿಲ್ಲ, ಆ ಹೊತ್ತಿಗೆ ಮರ ಕೊಟ್ಟ ಎಲೆ ಮತ್ತು ಕಾಯಿ ತೆಗೆದುಕೊಂಡಿತು. ಅದರ ಮೇಲೆ ಅನೇಕ ಮಾವಿನ ಮರಗಳು ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುತ್ತವೆ. ಹೂ ಬಿಟ್ಟಾಗ ಮೋಡ ಕವಿದರೆ, ಮಳೆ ಬಂದರೆ ಬೂದಿ ರೋಗ, ಜಿಗಿ ಹುಳು. ಇಷ್ಟು ಅನಿಶ್ಚಿತ ಇರುವುದರಿಂದಲೇ ಮಾವಿನ ಸುತ್ತ ಇಷ್ಟೊಂದು ಲೆಕ್ಕಾಚಾರ, ಇಷ್ಟೊಂದು ಹರಕೆ.

ತಿಂಗಳು ಒಂದು ಸಂಸ್ಕೃತಿಯನ್ನೇ ಬೇರೆ ಮಾಡುತ್ತದೆ ಅನ್ನುವುದಕ್ಕೆ ಪಶ್ಚಿಮ ಘಟ್ಟದ ಎರಡು ಮರಗಳನ್ನು ನೋಡಬೇಕು. ಮುರುಗಲು ಮತ್ತು ಉಪ್ಪಾಗೆ. ಎರಡೂ ಗಾರ್ಸೀನಿಯಾ ಎಂಬ ಒಂದೇ ಕುಲದವು. ಎರಡರದ್ದೂ ಸಿಪ್ಪೆ ಹುಳಿ. ಎರಡನ್ನೂ ಒಣಗಿಸಿ ಅಡುಗೆಗೆ ಇಟ್ಟುಕೊಳ್ಳುತ್ತಾರೆ. ಎರಡರ ಬೀಜದಿಂದಲೂ ತುಪ್ಪದಂಥ ಜಿಡ್ಡು ಬರುತ್ತದೆ. ಮುರುಗಲು ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಸಿಪ್ಪೆಯನ್ನು ಅಂಗಳದಲ್ಲಿ ಹರಡಿದರೆ ಬಿಸಿಲು ಪುಕ್ಕಟೆ ಒಣಗಿಸಿಕೊಡುತ್ತದೆ. ಮಳೆ ಸ್ವಲ್ಪ ಬೇಗ ಬಂದರೆ ಮಾತ್ರ ಗಡಿಬಿಡಿ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದ ನಡುವೆ. ಘಟ್ಟದ ಆ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು? ಬೆಂಕಿ ಹಾಕಿಯೇ ಒಣಗಿಸಬೇಕು. ಬೆಂಕಿಗೆ ಸೌದೆ ಬೇಕು, ಸೌದೆಗೆ ಕಾಡು ಬೇಕು. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗಾಗಿ ಉಪ್ಪಾಗೆ ಸಿಪ್ಪೆಗೆ ಹೊರದೇಶದಿಂದ ಬೇಡಿಕೆ ಬಂತು. ಬೆಲೆ ಏರಿತು. ಆಗ ಉತ್ತರ ಕನ್ನಡ, ಶಿವಮೊಗ್ಗದ ಕಾಡುಗಳಲ್ಲಿ ಹಣ್ಣಿನ ಜೊತೆ ಸೌದೆಗೂ ಪೈಪೋಟಿ ಶುರುವಾಯಿತು. ಕಾಯಿ ಬಲಿಯುವ ಮೊದಲೇ ಕೊಯ್ಯುವುದು, ಕೊಂಬೆ ಕಡಿಯುವುದು, ಎಲ್ಲ ನಡೆಯಿತು. ಮರ ಬಹುಮಟ್ಟಿಗೆ ಒಂದೇ ಥರ. ಎರಡು ತಿಂಗಳ ಅಂತರ ಅಷ್ಟೇ. ಒಂದು ಅಂಗಳದ ಕೆಲಸವಾಯಿತು, ಇನ್ನೊಂದು ಕಾಡಿನ ಜಗಳವಾಯಿತು.

ಈ ಪಾಠವನ್ನು ಇರುಂಜಿಗೆ ಹಾಕೋಣ. ಇರುಂಜಿ ಕೆರೆ ತುಂಬುವ ತಿಂಗಳಲ್ಲಿ ಹಣ್ಣಾಗಲಿ. ಏರಿಯ ಮರ ಕಡಿಯುವಂತಿಲ್ಲ, ಬೇರು ಹೋದರೆ ಏರಿ ಹೋಯಿತು. ಒಣಗಿಸಲು ಸೌದೆ ಬೇಕು. ಸೌದೆ ಇರುವುದು ಪಕ್ಕದ ಗುಡ್ಡದವರ ಹತ್ತಿರ. ಈಗ ತೂಬಿನವರಿಗೂ ಗುಡ್ಡದವರಿಗೂ ಪ್ರತಿ ಮಳೆಗಾಲ ಒಂದು ವ್ಯವಹಾರ ಇದೆ. ಗುಡ್ಡದವರು ಸೌದೆ ಕೊಟ್ಟರೆ ತೂಬಿನವರು ಬೇಸಿಗೆಯಲ್ಲಿ ನೀರು ಬಿಡಬೇಕು. ಒಂದು ತಿಂಗಳು ನಿಗದಿ ಮಾಡಿದ್ದಕ್ಕೆ ಕತೆಗೆ ಎರಡು ಊರು ಸಿಕ್ಕವು. "ಈ ವರ್ಷ ಇರುಂಜಿ ಬಿಡಲಿಲ್ಲ" ಅಂದರೆ ಈಗ ಬೇಸಿಗೆಯಲ್ಲಿ ನೀರಿನ ಜಗಳ ಗ್ಯಾರಂಟಿ.

ಸರಿಪಡಿಸುವಾಗ ಹನ್ನೆರಡು ತಿಂಗಳನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಚಿಗುರು, ಹೂ, ಮಿಡಿ, ಕಾಯಿ, ಹಣ್ಣು, ಖಾಲಿ ಮರ. ಖಾಲಿ ಮರದ ತಿಂಗಳುಗಳ ಎದುರು ಏನೂ ಬರೆಯಲು ತೋಚದಿದ್ದರೆ ರೋಗ ಅಲ್ಲೇ ಇದೆ.

ದೋಷ ಎರಡು: ಕಾಯಿ ತಾನಾಗಿ ಕಚ್ಚುತ್ತದೆ

ಹೂವಿನಿಂದ ಕಾಯಿಗೆ ಹೋಗುವ ದಾರಿಯಲ್ಲಿ ಯಾರೋ ಒಬ್ಬರು ಇರಬೇಕು. ಜೇನು, ಬಾವಲಿ, ಗಾಳಿ, ಇಲ್ಲವೇ ಮನುಷ್ಯ. ಕರಡಿನಲ್ಲಿ ಯಾರೂ ಇಲ್ಲದಿದ್ದರೆ ಕತೆಯ ಒಂದು ದೊಡ್ಡ ಕೊಂಡಿ ತಪ್ಪಿದೆ.

ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಗೆ ಬಿಟ್ಟರೆ ಫಸಲು ಸಾಲದು. ಮೆಸೊಪೊಟೇಮಿಯದ ರೈತರು ಸಾವಿರಾರು ವರ್ಷಗಳ ಹಿಂದೆಯೇ ಹೆಣ್ಣು ಮರ ಹತ್ತಿ, ಗಂಡು ಹೂವಿನ ಎಳೆಗಳನ್ನು ಹೆಣ್ಣು ಗೊಂಚಲಿಗೆ ಕಟ್ಟುತ್ತಿದ್ದರು. ಅಂದರೆ ಆ ತೋಟದಲ್ಲಿ ಮರ ಹತ್ತುವವನಿಗೆ ಬೆಲೆ ಇದೆ. ಅವನು ಜಾರಿ ಬಿದ್ದರೆ ಕತೆ ಇದೆ. ಕೆಲವು ಗಂಡು ಮರ ಇಡೀ ತೋಟಕ್ಕೆ ಸಾಕಾಗುವುದರಿಂದ ಆ ಗಂಡು ಮರ ಯಾರದ್ದು ಅನ್ನುವುದರಲ್ಲೂ ಕತೆ ಇದೆ.

ವೆನಿಲಾದ ಕತೆ ಇನ್ನೂ ಚುಚ್ಚುತ್ತದೆ. ಮೆಕ್ಸಿಕೋದ ಈ ಬಳ್ಳಿಯನ್ನು ಫ್ರೆಂಚರು 1820ರ ಆಸುಪಾಸಿನಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ತಂದರು. ಬಳ್ಳಿ ಬೆಳೆಯಿತು, ಹೂ ಬಿಟ್ಟಿತು, ಕಾಯಿ ಬಿಡಲಿಲ್ಲ. ಅದರ ಊರಿನ ಹುಳುಗಳು ಇಲ್ಲಿ ಇರಲಿಲ್ಲ. 1841ರಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಒಂದು ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಪರಾಗ ಮುಟ್ಟಿಸುವ ದಾರಿ ಕಂಡುಹಿಡಿದ. ವೆನಿಲಾ ಹೂ ಅರಳಿರುವುದು ಒಂದೇ ದಿನ. ಅಷ್ಟರೊಳಗೆ ಪ್ರತಿ ಹೂವಿಗೂ ಒಂದು ಕೈ ಬೇಕು. ದ್ವೀಪ ಶ್ರೀಮಂತವಾಯಿತು. ಆಲ್ಬಿಯಸ್ 1880ರಲ್ಲಿ ಬಡತನದಲ್ಲೇ ತೀರಿಹೋದ. ಅದೇ ಬಳ್ಳಿಯನ್ನು ಮಲೆನಾಡಿನಲ್ಲೂ ಬೆಳೆದವರಿದ್ದಾರೆ. ಬೆಳಗಾಗುತ್ತಲೇ ಹೂ ಮುಟ್ಟಲು ತೋಟಕ್ಕೆ ಓಡುವ ಕೆಲಸ ಅವರಿಗೆ ಗೊತ್ತು. ಬೆಲೆ ಏರಿದ್ದೂ ಗೊತ್ತು, ಕುಸಿದದ್ದೂ ಗೊತ್ತು.

ಇರುಂಜಿಗೆ ನಾನು ಬಾವಲಿ ಕೊಡುತ್ತೇನೆ. ರಾತ್ರಿ ಅರಳುವ ಹೂ, ಬಾವಲಿ ಬಂದರೆ ಕಾಯಿ. ಹಾಗಾದರೆ ಹೂ ಬಿಡುವ ವಾರಗಳಲ್ಲಿ ಏರಿಯ ಮೇಲೆ ಯಾರೂ ದೀಪ ಹಿಡಿದು ಓಡಾಡುವಂತಿಲ್ಲ, ಡೋಲು ಬಾರಿಸುವಂತಿಲ್ಲ. ಆ ವಾರಗಳಲ್ಲಿ ಮದುವೆ ಇಲ್ಲ. ಯಾರೋ ಸತ್ತರೆ ಹೆಣ ಹಗಲಲ್ಲೇ ಹೊರಡಬೇಕು. ಇಂಥ ಕಟ್ಟಳೆಗೆ ಒಂದೆರಡು ತಲೆಮಾರು ಕಳೆದರೆ ಜನ ಕಾರಣ ಮರೆತು ದೇವರ ಹೆಸರು ಹೇಳುತ್ತಾರೆ. ಪೂಜೆಯನ್ನು ನೀವು ಬೇರೆಯಾಗಿ ಹುಟ್ಟಿಸುವ ಕೆಲಸ ತಪ್ಪಿತು.

ದೋಷ ಮೂರು: ಮರ ಯಾರದೂ ಅಲ್ಲ

"ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ" ಅಂತ ಬರೆದಿದ್ದೀರಾ? ಇರಬಹುದು. ಹಂಚುವವರು ಯಾರು, ಅಳತೆ ಏನು ಅಂತ ಒಂದು ಸಾಲಾದರೂ ಇರಲಿ.

ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನ ಕ್ರಿ.ಪೂ. 1750ರ ಸುಮಾರಿನದ್ದು. ಅದರಲ್ಲಿ ತೋಟದ ಲೆಕ್ಕ ಖಚಿತವಾಗಿ ಇದೆ. ತೋಟ ನೋಡಿಕೊಳ್ಳಲು ಕೊಟ್ಟರೆ ಫಸಲಿನ ಮೂರರಲ್ಲಿ ಎರಡು ಪಾಲು ಒಡೆಯನಿಗೆ, ಒಂದು ಪಾಲು ತೋಟಗಾರನಿಗೆ. ತೋಟಗಾರ ಸರಿಯಾಗಿ ಕೆಲಸ ಮಾಡದೆ ಫಸಲು ಕಡಿಮೆಯಾದರೆ, ಪಕ್ಕದ ತೋಟದ ಫಸಲು ನೋಡಿ ಅಷ್ಟು ಕೊಡಬೇಕು. ಹೊಸ ತೋಟ ಎಬ್ಬಿಸಿದವನು ನಾಲ್ಕು ವರ್ಷ ಬೆಳೆಸಿ ಐದನೇ ವರ್ಷ ಒಡೆಯನ ಜೊತೆ ಸಮ ಹಂಚಿಕೊಳ್ಳಬೇಕು. ಒಡೆಯನಿಗೆ ಹೇಳದೆ ಮರ ಕಡಿದವನಿಗೆ ಬೆಳ್ಳಿಯ ದಂಡ. ಪಕ್ಕದ ತೋಟ ನೋಡಿ ಕೊಡಬೇಕು ಅನ್ನುವ ಮಾತಿನಲ್ಲೇ ಎಷ್ಟು ಅನುಮಾನ, ಎಷ್ಟು ಹಳೇ ಜಗಳ ಅಡಗಿದೆ ನೋಡಿ.

ನಮ್ಮಲ್ಲೂ ದೂರ ಹೋಗಬೇಕಿಲ್ಲ. ರಸ್ತೆ ಬದಿಯ ಹುಣಸೆ ಮರದ ಫಸಲು ಹರಾಜಿಗೆ ಹೋಗುತ್ತದೆ. ನೆಲ ಸರ್ಕಾರದ್ದು, ಹಣ್ಣು ಹರಾಜು ಕೂಗಿದವರದ್ದು, ಕಲ್ಲು ಹೊಡೆಯುವುದು ಶಾಲೆ ಮಕ್ಕಳು. ಮಾವಿನ ತೋಟವನ್ನು ಹೂ ನೋಡಿಯೇ ಗುತ್ತಿಗೆಗೆ ಕೊಡುವುದುಂಟು. ಅಡಿಕೆಯಲ್ಲಿ ಚೇಣಿ ಇದೆ. ಫಸಲು ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ದುಡ್ಡು ಕೊಟ್ಟು ಕೊಯ್ಲಿನ ಹಕ್ಕು ಪಡೆಯುತ್ತಾನೆ. ಹೂ ನೋಡಿ ದುಡ್ಡು ಕೊಡುವವನ ಮನಸ್ಸು ಎಂಥದ್ದಿರಬಹುದು? ಆಕಾಶ ನೋಡುವ ಅವನ ಕಣ್ಣನ್ನು ಕತೆಗೆ ತಂದರೆ ಹತ್ತು ಪೂಜಾರಿಗಳಿಗಿಂತ ಜಾಸ್ತಿ ಕೆಲಸ ಆಗುತ್ತದೆ.

ಇರುಂಜಿ ಏರಿಯ ಮೇಲಿದೆ, ಏರಿ ಊರಿನದ್ದು. ಹಾಗಾದರೆ ಅದರ ಮೇಲೆ ಕಣ್ಣು ನೀರಗಂಟಿಯದ್ದು. ತೂಬು ಎತ್ತುವವನು ಅವನೇ, ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡುವವನು ಅವನೇ. ಅವನಿಗೆ ಕೂಲಿ ಬದಲು ಇರುಂಜಿಯ ಒಂದು ಪಾಲು. ಇರುಂಜಿ ಬಿಡದ ವರ್ಷ ಅವನಿಗೆ ಕೂಲಿಯೇ ಇಲ್ಲ. ಆ ವರ್ಷ ತೂಬನ್ನು ಅವನು ಯಾರ ಗದ್ದೆಯ ಕಡೆ ಎತ್ತುತ್ತಾನೆ?

ದೋಷ ನಾಲ್ಕು: ಪೂಜೆ ಜಾಸ್ತಿ, ಅಡುಗೆ ಕಡಿಮೆ

ಲಕ್ಷಣ: ಹಣ್ಣಿಗೆ ಗುಡಿ ಇದೆ, ಮಂತ್ರ ಇದೆ, ಮೆರವಣಿಗೆ ಇದೆ. ಸಾರು ಇಲ್ಲ.

ಹಲಸನ್ನು ನೋಡಿ. ಎಳೆಯದಿದ್ದಾಗ ಗುಜ್ಜೆ ಪಲ್ಯ. ಬಲಿತ ಮೇಲೆ ತೊಳೆ ಬಿಡಿಸಿ ಹಪ್ಪಳ, ಚಿಪ್ಸು. ಮಳೆಗಾಲಕ್ಕೆ ಅಂತ ಭರಣಿಯಲ್ಲಿ ಉಪ್ಪಿನ ಸೊಳೆ. ಹಣ್ಣಾದರೆ ಗಟ್ಟಿ, ಮುಳುಕ. ಬೀಜಕ್ಕೆ ಕೆಮ್ಮಣ್ಣು ಸವರಿ ಇಟ್ಟರೆ ಆಟಿ ತಿಂಗಳಲ್ಲಿ ಸಾಂಬಾರಿಗೆ. ಕರಾವಳಿಯಲ್ಲಿ ಮಳೆ ಹಿಡಿದು ತರಕಾರಿ ಸಿಗದ ಕಾಲ ಒಂದಿತ್ತು. ಆಗ ಮನೆ ನಡೆಸಿದ್ದು ಈ ಭರಣಿಗಳು. ಹಲಸಿಗೆ ಯಾರೂ ದೊಡ್ಡ ಗುಡಿ ಕಟ್ಟಲಿಲ್ಲ. ಆದರೆ ಹಲಸು ಇಲ್ಲದೆ ಆ ಮನೆಗಳ ವರ್ಷ ಪೂರ್ತಿ ಆಗುವುದಿಲ್ಲ. ಅಪ್ಪೆಮಿಡಿಯದ್ದು ಇನ್ನೊಂದು ಬಗೆ. ಮಲೆನಾಡಿನ ಹೊಳೆ ದಂಡೆಯ ಆ ಮಾವಿನ ಮರಗಳು ಹಣ್ಣಿಗಾಗಿ ಇಲ್ಲ, ಮಿಡಿಗಾಗಿ ಇವೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಗೆ ಹೋಗುವುದಿಲ್ಲ. ಸೊನೆಯ ಪರಿಮಳ ನೋಡಿ ಯಾವ ಮರದ್ದು ಅಂತ ಹೇಳುವವರಿದ್ದಾರೆ.

ಪೂಜೆ ಬೇಡ ಅಂತ ನಾನು ಹೇಳುತ್ತಿಲ್ಲ. ಪೂಜೆಗೂ ಅಡುಗೆಯಿಂದಲೇ ಜೀವ ಬರುತ್ತದೆ. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ, ಕಾಳುಮೆಣಸು ಹಾಕುತ್ತಾರೆ. ಟೊಮೆಟೊ, ಆಲೂಗಡ್ಡೆ ಇಲ್ಲ. ಬಾಳೆಕಾಯಿ, ಹಾಗಲ ಇರುತ್ತವೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಮೂರೂ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು 1498ರಲ್ಲಿ ಈ ಕಡಲಿಗೆ ಬಂದ ನಂತರವೇ ನಮ್ಮ ಅಡುಗೆಮನೆ ಹೊಕ್ಕವು. ನಿತ್ಯದ ಅಡುಗೆ ಹೊಸದನ್ನು ಒಪ್ಪಿಕೊಂಡಿತು, ಹಿರಿಯರ ಎಲೆ ಒಪ್ಪಲಿಲ್ಲ. ಒಂದು ಜನಾಂಗದ ಇತಿಹಾಸ ಹೀಗೆ ಎಲೆಯ ಮೇಲೆ ಕಾಣುತ್ತದೆ. ನಿಮ್ಮ ಕಲ್ಪಿತ ಜನಕ್ಕೆ ಹಣ್ಣು ಹಳೆಯದೋ ಹೊಸದೋ ಅಂತ ತೀರ್ಮಾನಿಸಿ. ಹಳೆಯದಾದರೆ ಸತ್ತವರಿಗೆ ಬಡಿಸಬಹುದು. ಹೊಸದಾದರೆ ಮಕ್ಕಳು ಬಾಯಿ ಚಪ್ಪರಿಸುತ್ತಾರೆ, ಅಜ್ಜಿ ಮುಟ್ಟುವುದಿಲ್ಲ.

"ತಿಂದರೆ ಗಾಯ ಮಾಯುತ್ತದೆ" ಅನ್ನುವ ಸಾಲನ್ನೂ ಇಲ್ಲೇ ಇಳಿಸಿಬಿಡಿ. ಮುರುಗಲು ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಇರುಂಜಿ ಬೀಜದ ಜಿಡ್ಡಿಗೂ ಅಷ್ಟೇ ಕೆಲಸ ಸಾಕು. ಕೆಸರಲ್ಲಿ ನಿಲ್ಲುವ ನೀರಗಂಟಿಯ ಕಾಲಿಗೆ ಅದು ಬೇಕೇ ಬೇಕು. ಪವಾಡಕ್ಕಿಂತ ಹಿಮ್ಮಡಿಯನ್ನು ಓದುಗರು ಬೇಗ ನಂಬುತ್ತಾರೆ.

ದೋಷ ಐದು: ಹಣ್ಣಿನಿಂದ ಯಾರಿಗೂ ಕೆಟ್ಟದಾಗುವುದಿಲ್ಲ

ಜಮೈಕಾದ ರಾಷ್ಟ್ರೀಯ ಹಣ್ಣು ಆಕೀ. ಪಶ್ಚಿಮ ಆಫ್ರಿಕಾದಿಂದ ಬಂದದ್ದು. ಉಪ್ಪು ಹಾಕಿ ಒಣಗಿಸಿದ ಮೀನಿನ ಜೊತೆ ಬೇಯಿಸಿ ತಿನ್ನುತ್ತಾರೆ. ಅದು ಮರದ ಮೇಲೇ ತಾನಾಗಿ ಬಾಯಿ ಬಿಡಬೇಕು. ಅದಕ್ಕೂ ಮೊದಲು ಕೊಯ್ದು ತಿಂದರೆ ವಿಷ, ರಕ್ತದ ಸಕ್ಕರೆ ಕುಸಿದು ಜೀವವೇ ಹೋಗಬಹುದು. ಬೀಜ ಯಾವಾಗಲೂ ವಿಷ. ಅಮೆರಿಕ 1973ರಿಂದ 2000ದವರೆಗೆ ಅದರ ಆಮದನ್ನೇ ನಿಲ್ಲಿಸಿತ್ತು. ಹಾಗಿದ್ದೂ ಆ ದ್ವೀಪದ ಜನ ಅದನ್ನು ತಮ್ಮ ಗುರುತು ಮಾಡಿಕೊಂಡಿದ್ದಾರೆ. ಕಾಯುವುದು ಗೊತ್ತಿರುವವರು ಊರಿನವರು, ಗೊತ್ತಿಲ್ಲದವರು ಹೊರಗಿನವರು.

ಇನ್ನೂ ದೊಡ್ಡ ಕೆಡುಕು ಬೇಕಾದರೆ ಮಿಜೋರಾಂ ಕಡೆ ನೋಡಿ. ಅಲ್ಲಿನ ಮೌತಕ್ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು, ಕೈಗಾತ್ರದ ಕಾಯಿ ಉದುರಿಸಿ ಸಾಯುತ್ತದೆ. ಕಾಯಿ ತಿಂದು ಇಲಿಗಳು ಹೆಚ್ಚುತ್ತವೆ. ಕಾಯಿ ಮುಗಿದ ಮೇಲೆ ಭತ್ತಕ್ಕೆ ನುಗ್ಗುತ್ತವೆ. ಆ ಬರಕ್ಕೆ ಮೌತಾಮ್ ಅನ್ನುತ್ತಾರೆ. 1959ರಲ್ಲಿ ಹಾಗಾಯಿತು. ಪರಿಹಾರ ಸಾಲದೆ ಸಿಟ್ಟಾದ ಜನ ಬರಗಾಲಕ್ಕಾಗಿಯೇ ಒಂದು ಸಂಘಟನೆ ಕಟ್ಟಿದರು. 1961ರಲ್ಲಿ ಅದು ಮಿಜೋ ನ್ಯಾಷನಲ್ ಫ್ರಂಟ್ ಎಂಬ ಪಕ್ಷವಾಯಿತು. 1966ರಲ್ಲಿ ದಂಗೆ, 1986ರಲ್ಲಿ ಒಪ್ಪಂದ, 1987ರಲ್ಲಿ ಪ್ರತ್ಯೇಕ ರಾಜ್ಯ. 2006ರ ಹೊತ್ತಿಗೆ ಬಿದಿರು ಮತ್ತೆ ಹೂ ಬಿಟ್ಟಿತು. ಕಾಯಿ ಬಿಡುವುದೇ ಶಾಪವಾದ ಗಿಡ ಇದು. ಕಲ್ಪನೆ ಮಾಡುವವರು ಇಷ್ಟು ದೂರ ಹೋಗಲು ಹೆದರುತ್ತಾರೆ. ನಿಜವಾದ ಗಿಡ ಹೆದರಲಿಲ್ಲ.

ಇರುಂಜಿಯ ಹೊಳಪಿಗೆ ಇಲ್ಲಿ ಔಷಧ ಇದೆ. ಪಶ್ಚಿಮ ಘಟ್ಟದ ಕಾಡಿನಲ್ಲಿ ಮಳೆಗಾಲದ ರಾತ್ರಿ ಕೊಳೆತ ಕಟ್ಟಿಗೆ ಹಸಿರಾಗಿ ಮಿನುಗುವುದುಂಟು. ಅದು ಶಿಲೀಂಧ್ರದ ಬೆಳಕು. ಇರುಂಜಿಯೂ ಕೊಳೆತಾಗ ಮಾತ್ರ ಹೊಳೆಯಲಿ. ಆಗ ಹೊಳಪು ಅಂದರೆ ನಷ್ಟ. ಒಣಗಿಸುವ ಗುಡಿಸಲಲ್ಲಿ ರಾತ್ರಿ ಬೆಳಕು ಕಂಡರೆ ಸೌದೆ ಸಾಲಲಿಲ್ಲ ಅಂತ ಅರ್ಥ. ಪಕ್ಕದ ಮನೆಯವರಿಗೂ ಅದು ಕಾಣುತ್ತದೆ. ಹಳೇ ಕರಡಿನ ಅಂದದ ಸಾಲು ಈಗ ಮಾನ ಹೋಗುವ ವಿಷಯವಾಯಿತು.

ಸಣ್ಣಪುಟ್ಟ ದೋಷಗಳು

ಎಲ್ಲರಿಗೂ ಇಷ್ಟವಾಗುವ ಹಣ್ಣು. ಇದನ್ನು ನಂಬಬೇಡಿ. ಜೀಗುಜ್ಜೆ (ಬ್ರೆಡ್‌ಫ್ರೂಟ್) ಪೋಡಿ ತಿನ್ನುವ ಕರಾವಳಿಯವರಿಗೆ ಅದರ ಹಿಂದಿನ ಕತೆ ಆಶ್ಚರ್ಯ ತರಬಹುದು. ಕೆರಿಬಿಯನ್ ತೋಟಗಳ ಗುಲಾಮರಿಗೆ ಅಗ್ಗದ ಊಟವಾಗಲಿ ಅಂತ ಬ್ರಿಟಿಷರು ತಾಹಿತಿಯಿಂದ ಅದರ ಸಸಿಗಳನ್ನು ಹಡಗಿನಲ್ಲಿ ಸಾಗಿಸಿದರು. 1789ರಲ್ಲಿ ಬೌಂಟಿ ಹಡಗಿನ ನಾವಿಕರು ದಂಗೆ ಎದ್ದು ಸಸಿಗಳನ್ನು ಸಮುದ್ರಕ್ಕೆ ಎಸೆದರು. ಆ ಹಡಗಿನ ಕ್ಯಾಪ್ಟನ್ ಆಗಿದ್ದ ಬ್ಲೈ 1793ರಲ್ಲಿ ಇನ್ನೊಂದು ಹಡಗಿನಲ್ಲಿ ತಂದು ಮುಟ್ಟಿಸಿದ. ಇಷ್ಟೆಲ್ಲ ಮಾಡಿದರೂ ಗುಲಾಮರಿಗೆ ಅದು ಮೊದಮೊದಲು ಹಿಡಿಸಲಿಲ್ಲ. ಈಗ ಜಮೈಕಾದಲ್ಲಿ ಅದನ್ನು ಸುಟ್ಟು ಆಕೀ ಜೊತೆ ತಿನ್ನುತ್ತಾರೆ. ನಿಮ್ಮ ಹಣ್ಣನ್ನು ಇಷ್ಟಪಡದ ಒಂದು ಗುಂಪು, ಅದಕ್ಕೊಂದು ಕಾರಣ ಇರಲಿ.

ಬೀಜದ ವಿಷಯ. ಬೀಜವಿಲ್ಲದ ಹಣ್ಣಾದರೆ ಕಂದಿನಿಂದಲೋ ಕಸಿಯಿಂದಲೋ ಬೆಳೆಯಬೇಕು. ಅಂದರೆ ಎಲ್ಲ ಗಿಡವೂ ಒಂದೇ ಗಿಡದ ನಕಲು. ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬರುತ್ತದೆ. ಗ್ರೋ ಮಿಶೆಲ್ ಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ 1960ರ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದಲೇ ಹೋಯಿತು. ನಂಜನಗೂಡು ರಸಬಾಳೆಯೂ ಅದೇ ರೋಗಕ್ಕೆ ನಲುಗಿದೆ. ಕತೆಗೆ ಬೇಕಿಲ್ಲದಿದ್ದರೆ ಇದನ್ನು ಬಿಟ್ಟುಬಿಡಿ.

ಹೆಸರು ಕೊನೆಯಲ್ಲಿ ನೋಡಿ. ಹೆಸರು ಸರಿಯಿಲ್ಲ ಅಂತ ಅನಿಸುವುದು ಬಹಳ ಸಲ ಮೇಲಿನ ದೋಷಗಳ ನೋವು ಇಲ್ಲಿ ಕಾಣಿಸಿಕೊಳ್ಳುವುದು ಅಷ್ಟೇ. ಬಾಯಲ್ಲಿ ಸರಾಗ ಬಂದರೆ ಸಾಕು.

ರಿಪೇರಿ ಅತಿಯಾದರೆ

ಇದೂ ಒಂದು ದೋಷವೇ, ಉತ್ಸಾಹಿಗಳಿಗೆ ಬರುವುದು. ತಿಂಗಳು, ಬಾವಲಿ, ಸೌದೆ, ಪಾಲು, ಶ್ರಾದ್ಧ ಎಲ್ಲ ಗೊತ್ತಾಗಿದೆ. ಖುಷಿಯಲ್ಲಿ ಎರಡು ಪುಟ ವಿವರಣೆ ಸುರಿಯುತ್ತಾರೆ. "ತೂಬಿನವರ ಪದ್ಧತಿಯ ಪ್ರಕಾರ" ಅಂತ ಶುರುವಾಗುವ ಪ್ಯಾರಾ ಕಂಡರೆ ಅನುಮಾನಪಡಿ. ತೂಬಿನವರು ತಮ್ಮತಮ್ಮೊಳಗೆ ಹಾಗೆ ಮಾತಾಡುವುದಿಲ್ಲ. ಅವರು ಬೈಯುತ್ತಾರೆ, ಲೆಕ್ಕ ಹಾಕುತ್ತಾರೆ, ಮುನಿಸಿಕೊಳ್ಳುತ್ತಾರೆ.

ಹಳೇ ಕರಡಿನ ಜಾಗಕ್ಕೆ ಇಷ್ಟು ಸಾಕು:

"ಮೂರನೇ ಗುಡಿಸಲಲ್ಲಿ ನಿನ್ನೆ ರಾತ್ರಿ ಬೆಳಕು ಇತ್ತಂತೆ," ಅಂದಳು ಅತ್ತೆ.

"ನಾನೂ ನೋಡಿದೆ. ಸುಮ್ನಿರಿ ಅತ್ತೆ, ಅವರಿಗೆ ಕೇಳಿಸುತ್ತದೆ."

"ಕೇಳಿಸಲಿ. ಗುಡ್ಡದವರಿಗೆ ಹೋದ ಬೇಸಿಗೆ ನೀರು ಬಿಟ್ಟಿದ್ದರೆ ಈಗ ಸೌದೆ ಬರುತ್ತಿರಲಿಲ್ಲವೇ? ನೀರಗಂಟಿಗೆ ಪಾಲು ಎಲ್ಲಿಂದ ಕೊಡುತ್ತಾರೋ ನೋಡೋಣ."

ನೀಲಿ ಬಣ್ಣ ಇಲ್ಲ, ದೇವರಿಲ್ಲ, ಹಬ್ಬ ಇಲ್ಲ. ಹಣ್ಣಿನ ಹೆಸರೂ ಬಂದಿಲ್ಲ. ಈಗ ಮತ್ತೆ ಮೊದಲ ಪರೀಕ್ಷೆ ಮಾಡಿ, "ಯಾವುದೋ ಒಂದು ಹಣ್ಣು" ಅಂತ ಹಾಕಲು ಜಾಗ ಹುಡುಕಿ. ಸಿಗುವುದಿಲ್ಲ. ಬಾವಲಿ ವಾರಗಳು, ಬೀಜದ ಜಿಡ್ಡು, ಅಜ್ಜಿ ಮುಟ್ಟದ ಹೊಸ ತಳಿ, ಇವೆಲ್ಲ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ. ನೀರಗಂಟಿ ತೂಬಿನ ಹತ್ತಿರ ಹೋಗುವ ಅಧ್ಯಾಯಕ್ಕೆ ಬೇಕಾಗುತ್ತವೆ.